ಸೋಪು ಬೆವರಿದರೆ ಕೆಟ್ಟಿತು ಅಂತಲ್ಲ

ಕಳೆದ ವಾರ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದ್ದರು. ಮೇ ತಿಂಗಳಲ್ಲಿ ನಮ್ಮ ಹೋಮ್‌ಸ್ಟೇಗೆ ಬಂದು, ಹೋಗುವಾಗ ನಾನು ಮಾಡಿದ ನಾಲ್ಕು ಸೋಪು ತೆಗೆದುಕೊಂಡು ಹೋದವರು. "ಮೇಡಂ, ನಿಮ್ಮ ಸೋಪು ಬೆವರ್ತಾ ಇದೆ. ಕೆಟ್ಟು ಹೋಯ್ತಾ?"

ನಗು ಬಂತು. ಮಡಿಕೇರಿ ಹತ್ತಿರದ ನಮ್ಮ ಗಾಳಿಬೀಡಿನ ಈ ಮಳೆಗೆ ನಮ್ಮ ಮನೆ ಗೋಡೆಯೇ ಬೆವರುತ್ತಿದೆ. ಚಪ್ಪಲಿಗೆ ಬೂಷ್ಟು, ಉಪ್ಪಿನ ಡಬ್ಬಿಯಲ್ಲಿ ನೀರು. ಇನ್ನು ಸೋಪಿನದೇನು ದೊಡ್ಡ ವಿಷಯ? ಆದರೆ ಫೋನ್ ಇಟ್ಟ ಮೇಲೆ ಯೋಚನೆ ಬಂತು. ಚಂದದ ಕಾಗದ ಸುತ್ತಿ, ದಾರ ಕಟ್ಟಿ, ದುಡ್ಡು ತೆಗೆದುಕೊಂಡೆ. ಹೇಗೆ ಇಟ್ಟುಕೊಳ್ಳಬೇಕು ಅಂತ ಒಂದು ಮಾತು ಹೇಳಲಿಲ್ಲ. ತಪ್ಪು ನನ್ನದೇ ಅಲ್ವಾ?

ವಿಷಯ ಇಷ್ಟೇ. ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಸೇರಿಸಿದಾಗ ಸೋಪಿನ ಜೊತೆ ಗ್ಲಿಸರಿನ್ ಕೂಡ ಹುಟ್ಟುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಅದನ್ನು ಬೇರೆ ಮಾಡಿ ಮಾರುತ್ತಾರೆ. ಮನೆಯಲ್ಲಿ ಮಾಡಿದ ಸೋಪಿನಲ್ಲಿ ಅದು ಒಳಗೇ ಉಳಿಯುತ್ತದೆ. ಗ್ಲಿಸರಿನ್ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ. ಅದೇ ಆ ಬೆವರು. ಒರೆಸಿ ಬಳಸಿ, ಏನೂ ಆಗುವುದಿಲ್ಲ. ಆದರೆ ನೀರು ನಿಲ್ಲುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟರೆ ನಾಲ್ಕೇ ದಿನಕ್ಕೆ ಅಂಬಲಿ. ಕೆಳಗಿನಿಂದ ಗಾಳಿ ಆಡಬೇಕು. ಇಡೀ ಸೋಪನ್ನು ಬಚ್ಚಲಿಗೆ ಒಯ್ಯುವ ಬದಲು ಕತ್ತರಿಸಿ ಅರ್ಧ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

"ಇಲ್ಲಿ ಬಂದ ನೊರೆ ಮನೆಯಲ್ಲಿ ಬರಲ್ಲ" ಅನ್ನುವುದು ಇನ್ನೊಂದು ದೂರು. ನಮ್ಮದು ತೋಡಿನ ನೀರು, ಮೆದು. ನಿಮ್ಮದು ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿಗೆ ಅಂಟಿ ಬಿಳಿ ಕಸರಾಗುತ್ತದೆ, ಬಕೆಟ್ಟಿನ ಅಂಚಿಗೆ ಹಿಡಿಯುತ್ತದಲ್ಲ, ಅದು. ಸೋಪನ್ನು ಬೈದು ಫಲವಿಲ್ಲ.

ಸೋಪು ಮಾಡಿದ ಮೇಲೆ 4ರಿಂದ 6 ವಾರ ಒಣಗಬೇಕು. ಜೂನ್‌ನಲ್ಲಿ ಮಾಡಿದ್ದಕ್ಕೆ ನಮ್ಮಲ್ಲಿ ಅದೂ ಸಾಲದು. ಒಮ್ಮೆ ಬುದ್ಧಿವಂತಿಕೆ ಮಾಡಿ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಒಣಗೇನೋ ಒಣಗಿತು. ಲೆಮನ್‌ಗ್ರಾಸ್ ಸೋಪಿಗೆ ಒಣಮೀನಿನ ವಾಸನೆ! ಆ ಇಪ್ಪತ್ತು ಸೋಪಿನಲ್ಲಿ ನಾವೇ ವರ್ಷವಿಡೀ ಕೈ ತೊಳೆದೆವು.

ಈಗ ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ. ಮಡಿಕೇರಿಯ ರಸ್ತೆಯಲ್ಲಿ ನಡೆದರೆ ಜೇನು, ಕಾಫಿಪುಡಿ, ಮನೆ ವೈನಿನ ಪಕ್ಕದಲ್ಲೇ ಸೋಪು, ಕ್ರೀಮು, ಮೇಣದಬತ್ತಿ ಸಾಲಾಗಿ ನಿಂತಿರುತ್ತವೆ. ಎಲ್ಲದರ ಮೇಲೂ "ಕೆಮಿಕಲ್ ಫ್ರೀ". ಕಾಸ್ಟಿಕ್ ಸೋಡಾ ಇಲ್ಲದೆ ಸೋಪು ಬಿಲ್ಲೆ ಹೇಗೆ ಆಯಿತು ಮಾರಾಯರೇ? ಅಳತೆ ಸರಿಯಿದ್ದರೆ ಕೊನೆಗೆ ಅದು ಉಳಿಯುವುದಿಲ್ಲ ಅನ್ನುವುದು ನಿಜ. ಹಾಗೆಂದೇ ಬರೆಯಬಹುದಲ್ಲ. ನ್ಯಾಚುರಲ್ ಅಂದರೆ ಸಾಕು, ಕಣ್ಣು ಮುಚ್ಚಿ ಮುಖಕ್ಕೆ ಹಚ್ಚುತ್ತಾರೆ. ನಮ್ಮ ತೋಟದ ಚೇರೆ ಮರದ ಸೊನೆಯೂ ನ್ಯಾಚುರಲ್ಲೇ. ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೂ ಚರ್ಮ ಸುಡುತ್ತದೆ. ಹೊಸದೇನೇ ಇರಲಿ, ಮೊದಲು ಮೊಣಕೈ ಒಳಗೆ ಚೂರು ಹಚ್ಚಿ ಒಂದೆರಡು ದಿನ ನೋಡಿ.

ನಾನೂ ಕಮ್ಮಿ ಏನಲ್ಲ. ಶುರುವಿನಲ್ಲಿ ಲೋಳೆಸರದ ಕ್ರೀಮ್ ಮಾಡಿ, ಪ್ರಿಸರ್ವೇಟಿವ್ ಹಾಕುವುದಿಲ್ಲ ಅಂತ ಜಂಬ ಕೊಚ್ಚಿದ್ದೆ. ಮುಚ್ಚಳ ತೆಗೆದು ನೋಡಿದರೆ ಹಸಿರು ಬೂಷ್ಟು. ನೀರಿನ ಅಂಶ ಇದ್ದ ಕಡೆ ಅದು ಬರದೆ ಇರುತ್ತದೆಯೇ? ಅಂದಿನಿಂದ ಬರೀ ಕೊಬ್ಬರಿ ಎಣ್ಣೆ, ಜೇನುಮೇಣದ ಬಾಮ್. ನೀರಿಲ್ಲ, ಹಾಗಾಗಿ ಬೂಷ್ಟಿನ ಭಯವೂ ಕಮ್ಮಿ. ಒದ್ದೆ ಬೆರಳು ಮಾತ್ರ ಹಾಕಬೇಡಿ. ಕಾಫಿ ಕುಯ್ಲಿನ ಹೊತ್ತಿಗೆ ಎಲ್ಲರ ಹಿಮ್ಮಡಿಯೂ ಒಡೆದಿರುತ್ತದೆ. ರಾತ್ರಿ ಹಚ್ಚಿ ಕಾಲುಚೀಲ ಹಾಕಿ ಮಲಗಿದರೆ ಆರಾಮ. ಆ ಚಳಿಗೆ ಬಾಮ್ ಕಲ್ಲಾಗುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುವ ಜಾತಿ, ಅಂಗೈಯಲ್ಲಿ ಉಜ್ಜಿದರೆ ಕರಗುತ್ತದೆ.

ಮೇಣದಬತ್ತಿ ನಮಗೆ ಅಲಂಕಾರದ ವಸ್ತು ಅಲ್ಲ. ಕಕ್ಕಡದಲ್ಲಿ, ಅಂದರೆ ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಕೇಳುವ ಅಭ್ಯಾಸವೇ ನಮಗಿಲ್ಲ. ಹೋದ ವರ್ಷ ಒಂದು ಅಂಗಡಿಯಿಂದ ಗಾಜಿನ ಲೋಟದ ಬತ್ತಿ ತಂದಿದ್ದೆ. ಮೇಲೆ ಒಣ ಗುಲಾಬಿ, ಚಕ್ಕೆ ಚುಚ್ಚಿದ್ದರು. ಎಷ್ಟು ಚಂದ! ಅರ್ಧ ಗಂಟೆಗೆ ಗುಲಾಬಿಗೇ ಬೆಂಕಿ ಹತ್ತಿತು. ಟಪ್ ಅಂತ ಲೋಟ ಸೀಳಿತು. ಮೇಜಿನ ಮೇಲೆ ಆ ಕಪ್ಪು ಕಲೆ ಇನ್ನೂ ಇದೆ. ಹೂವಿಟ್ಟ ಬತ್ತಿ ನೋಡಲಿಕ್ಕೆ ಮಾತ್ರ. ಹಚ್ಚುವುದಾದರೆ ಮೊದಲು ಹೂ ಕಿತ್ತು ಹಾಕಿ.

ಮೊದಲ ಸಲ ಹಚ್ಚಿದಾಗ ಮೇಲಿನ ಮೇಣ ಅಂಚಿನವರೆಗೂ ಕರಗಲು ಬಿಡಿ. ಹತ್ತು ನಿಮಿಷಕ್ಕೇ ಆರಿಸಿದರೆ ಮುಂದೆ ನಡುವೆ ಮಾತ್ರ ಗುಳಿ ಬಿದ್ದು ಸುತ್ತಲಿನ ಮೇಣ ದಂಡ. ಪ್ರತಿ ಸಲ ಹಚ್ಚುವ ಮೊದಲು ಬತ್ತಿಯನ್ನು 5-6 ಮಿಲಿಮೀಟರ್‌ಗೆ ಕತ್ತರಿಸಿ, ಇಲ್ಲದಿದ್ದರೆ ಗೋಡೆಗೆಲ್ಲ ಮಸಿ. ದೀಪದ ಕಿಟ್ಟ ತೆಗೆದು ಅಭ್ಯಾಸ ಇದ್ದವರಿಗೆ ಇದೇನು ಹೊಸ ವಿದ್ಯೆಯಲ್ಲ. ನಮ್ಮಜ್ಜಿ ದೀಪವನ್ನು ಬಾಯಿಂದ ಊದಲು ಬಿಡುತ್ತಿರಲಿಲ್ಲ. "ಆರಿಸು" ಅನ್ನುವ ಮಾತನ್ನೂ ಆಡುತ್ತಿರಲಿಲ್ಲ, "ದೊಡ್ಡದು ಮಾಡು" ಅಂತಿದ್ದರು. ಮೇಣದಬತ್ತಿಗೂ ಊದಬೇಡಿ. ಕಡ್ಡಿಯಿಂದ ಬತ್ತಿಯನ್ನು ಕರಗಿದ ಮೇಣದೊಳಗೆ ಅದ್ದಿ ನೆಟ್ಟಗೆ ನಿಲ್ಲಿಸಿ. ಹೊಗೆ ಬರುವುದಿಲ್ಲ. ಜೇನುಮೇಣದ ಬತ್ತಿ ಹಳೆಯದಾದಂತೆ ಮೈಮೇಲೆ ಬೂದಿಯಂಥ ಬಿಳಿ ಪದರ ಬರುತ್ತದೆ. ಅದು ಬೂಷ್ಟಲ್ಲ, ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಹೊಳಪು. ಇದಕ್ಕೂ ಫೋನ್ ಬಂದಿತ್ತು!

ಬೆಂಗಳೂರಿನವರಿಗೆ ತಿರುಗಿ ಫೋನ್ ಮಾಡಿ ಎಲ್ಲ ಹೇಳಿದೆ. "ಇದನ್ನು ಕಾಗದದ ಮೇಲೆ ಬರೆದುಕೊಡಬಾರದಿತ್ತಾ?" ಅಂದರು. ಸರಿ, ಬರೆಯುತ್ತಿದ್ದೇನೆ. ಜೊತೆಗೆ ತೋಟದ ಸಿಲ್ವರ್ ಓಕ್ ಪಟ್ಟಿಯಿಂದ ಸಂದು ಬಿಟ್ಟ ಸೋಪು ತಟ್ಟೆ ಮಾಡಿಸಬೇಕು ಅಂತ ಆಚಾರಿಗೆ ಹೇಳಿದ್ದೇನೆ. ಮರ ಹಸಿ ಇದೆ, ಮಳೆ ಬಿಡಲಿ ಅಂದಿದ್ದಾರೆ.