ಸ್ಟ್ರೋಕರ್ ಕಟ್ಟುವವರಿಗೆ

ಮಾರುತಿಯ ಹಳೇ ಎಸ್ಟೀಮ್, ಜಿಪ್ಸಿ ಇಟ್ಟುಕೊಂಡವರು ನಾಲ್ಕು ಜನ ಒಟ್ಟು ಸೇರಿದರೆ ಮಾತು ಕಡೆಗೆ ಬಂದು ನಿಲ್ಲುವುದು ಸ್ಟ್ರೋಕರ್ ಎಂಜಿನ್‌ಗೇ. ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಸ್ಟ್ರೋಕ್, ಹೆಚ್ಚಿಸಿ ಸಿಸಿ ದೊಡ್ಡದು ಮಾಡಿದ ಎಂಜಿನ್. ನಮ್ಮ ಕಡೆಯ ರಸ್ತೆಗೆ ಅದು ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಆದರೆ ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ದುಡ್ಡು ಸುರಿಯುವ ಜಾಗ ಸರಿ ಇಲ್ಲ.

ಲೆಕ್ಕ ನೋಡಿ. ಮಾರುತಿಯ ಆ 1.3 ಎಂಜಿನ್‌ನ ಬೋರ್ (ಸಿಲಿಂಡರಿನ ಒಳವ್ಯಾಸ) 74 ಮಿ.ಮೀ., ಸ್ಟ್ರೋಕ್ 75.5, ಒಟ್ಟು 1298 ಸಿಸಿ. ಬೋರನ್ನು 1 ಮಿ.ಮೀ. ದೊಡ್ಡದು ಮಾಡಿಸಿದರೆ ಸಿಗುವುದು 35 ಸಿಸಿ ಚಿಲ್ಲರೆ. ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್ ಬದಲಿಸಿ ಸ್ಟ್ರೋಕ್ 5 ಮಿ.ಮೀ. ಹೆಚ್ಚಿಸಿದರೆ 86. ಹಳೇ ಬಲೆನೋದ 1.6 ಎಂಜಿನ್ 75 ಬೋರ್, 90 ಸ್ಟ್ರೋಕ್. ಹಾಗಂತ ಅದರ ಕ್ರ್ಯಾಂಕ್ ತಂದು ಇದರೊಳಗೆ ಕೂರಿಸಲು ಹೋಗಬೇಡಿ ಮಾರಾಯ್ರೆ, ಆ ಬ್ಲಾಕೇ ಎತ್ತರ.

ಅಮೆರಿಕದವರ ಸ್ಟ್ರೋಕರ್ ಷೆವ್ರೊಲೆ 383 ಎಲ್ಲರಿಗೂ ಗೊತ್ತುಂಟು. 350 ಘನ ಇಂಚಿನ ಎಂಜಿನ್ನಿನ ಬ್ಲಾಕಿಗೆ 400 ಘನ ಇಂಚಿನದ್ದರ ಕ್ರ್ಯಾಂಕ್. ಅದರ ಮೇನ್ ಜರ್ನಲ್ (ಕ್ರ್ಯಾಂಕ್ ಬ್ಲಾಕಿನಲ್ಲಿ ಕೂತು ತಿರುಗುವ ಭಾಗ) ದಪ್ಪ, 2.65 ಇಂಚು, ಗ್ರೈಂಡ್ ಮಾಡಿ 2.45ಕ್ಕೆ ಇಳಿಸದೆ ಕೂರುವುದೇ ಇಲ್ಲ. ಕೂತ ಮೇಲೂ ಕೆಲಸ ಮುಗಿಯುವುದಿಲ್ಲ. ಕ್ರ್ಯಾಂಕನ್ನು ಕೈಯಲ್ಲಿ ಮೆಲ್ಲ ತಿರುಗಿಸಬೇಕು. ಕನೆಕ್ಟಿಂಗ್ ರಾಡಿನ ಬೋಲ್ಟ್ ಬ್ಲಾಕಿನ ಅಂಚಿಗೆ ಟಕ್ ಅಂತ ತಾಗಿ ನಿಂತಲ್ಲಿ ಗುರುತು ಹಾಕಿ, ಗ್ರೈಂಡರ್ ಹಿಡಿದು, ಮತ್ತೆ ತಿರುಗಿಸಬೇಕು. ಇದಕ್ಕೆ ತಾಳ್ಮೆ ಬೇಕು. ಪಿಸ್ಟನ್ನಿನದ್ದು ಬೇರೆಯೇ ತಲೆನೋವು: ಸ್ಟ್ರೋಕ್ 5 ಹೆಚ್ಚಾದರೆ ಪಿಸ್ಟನ್ ಮೇಲೆ ಎರಡೂವರೆ ಮಿ.ಮೀ. ಜಾಸ್ತಿ ಏರುತ್ತದೆ. ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ ಅಷ್ಟು ಮೇಲಿರುವ ಪಿಸ್ಟನ್ ಬೇಕು, ಇಲ್ಲವೇ ಗಿಡ್ಡ ರಾಡ್. ಹೆಡ್ಡಿನ ಚೇಂಬರ್ ಹಾಗೇ ಬಿಟ್ಟರೆ 9:1 ಇದ್ದ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲ್ ಒತ್ತುವ ಅನುಪಾತ) 9.5 ದಾಟುತ್ತದೆ.

ಇಷ್ಟೆಲ್ಲ ಎಂತಕ್ಕೆ? ಟಾರ್ಕಿಗೆ, ಅಂದರೆ ಎಳೆಯುವ ಬಲಕ್ಕೆ. ಮಂಗಳೂರಿನ ನಂತೂರಿನಲ್ಲಿ ಲಾರಿ ಹಿಂದೆ ತೆವಳುವಾಗ, ಚಾರ್ಮಾಡಿ ಘಾಟಿಯ ತಿರುವಲ್ಲಿ ಗೇರ್ ಇಳಿಸದೆ ಎಳೆಯಬೇಕಾದಾಗ ಬೇಕಾಗುವುದು ಎರಡು, ಮೂರು ಸಾವಿರ ಆರ್‌ಪಿಎಂನ ಶಕ್ತಿ. ನಮ್ಮವರು ಮಾಡುವುದು ಎಂತ? ಅಷ್ಟು ಕಷ್ಟಪಟ್ಟು ಸ್ಟ್ರೋಕ್ ಹೆಚ್ಚಿಸಿ, ಅದರ ಮೇಲೆ 7000 ಆರ್‌ಪಿಎಂಗೆ ಎಚ್ಚರಾಗುವ ಕ್ಯಾಮ್ ಶಾಫ್ಟ್ (ವಾಲ್ವ್ ತೆರೆಯುವ ದಂಡ) ಹಾಕುತ್ತಾರೆ! ಉದ್ದ ಸ್ಟ್ರೋಕಿನ ಎಂಜಿನ್ನಿಗೆ ಕಿರುಚುವ ಕೆಲಸ ಕೊಡಬಾರದು. 6500ರಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 16.4 ಮೀಟರ್ ಇದ್ದದ್ದು 17.4 ಆಗುತ್ತದೆ. ಕ್ಯಾಮಿಗೆ ಹಾಕುವ ದುಡ್ಡನ್ನು ಕ್ರ್ಯಾಂಕಿನ ಬ್ಯಾಲೆನ್ಸಿಂಗಿಗೆ, ರೇಡಿಯೇಟರಿಗೆ, ಕ್ಲಚ್ಚಿಗೆ ಹಾಕಿ. ಅದಕ್ಕಿಂತ ಮೊದಲು ಬ್ರೇಕಿಗೆ. ನಮ್ಮ ಮಳೆಯಲ್ಲಿ ಘಾಟಿ ಇಳಿಯುವ ಗಾಡಿ ಅದು.

ಕಾಗದಪತ್ರದ ವಿಷಯ ಬಂದರೆ ಯಾರೂ ಬಾಯಿ ಬಿಡುವುದಿಲ್ಲ. ಸಿಸಿ ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ಅದಕ್ಕೆ ಹೊಂದದಂತೆ ಗಾಡಿ ಮಾರ್ಪಡಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ. 2019ರ ತಿದ್ದುಪಡಿಯ ಪ್ರಕಾರ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಥರ್ಡ್ ಪಾರ್ಟಿ ಪ್ರೀಮಿಯಂ ನಿಗದಿಯಾಗುವುದೂ ಸಿಸಿ ನೋಡಿಯೇ. 1500 ದಾಟಿದರೆ ವರ್ಗವೇ ಬೇರೆ. ಟ್ರ್ಯಾಕಿಗೆ ಮಾತ್ರ ಕಟ್ಟುವವರ ಕಥೆ ಬೇರೆ ಬಿಡಿ. ದಿನಾ ರಸ್ತೆಗೆ ಇಳಿಸುವ ಗಾಡಿಯಾದರೆ ಬ್ಲಾಕ್ ಬಿಚ್ಚುವ ಮೊದಲೇ ಆರ್‌ಟಿಒಗೆ ಒಮ್ಮೆ ಹೋಗಿ ಬನ್ನಿ. ಸರಿಯಾಗಿ ಅನುಮತಿ ಪಡೆದು ಎಂಜಿನ್ ಬದಲಿಸಿದವರು ಯಾರಾದರೂ ಇದ್ದರೆ, ಯಾವ ಕಾಗದ ಕೇಳಿದರು ಅಂತ ಕೆಳಗೆ ಬರೆಯಿರಿ.