ರೈಲು ಹೊರಟುಹೋದ ಮೇಲೆ

ಇಂಗ್ಲಿಷ್ ವ್ಯಾಕರಣದ ಅಭ್ಯಾಸಪಾಠಗಳಲ್ಲಿ ವಾಸಿಸುವ ಜನರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಬಗೆಯ ಕನಿಕರವಿದೆ. ಅಲ್ಲಿನ ವೈದ್ಯರು ಎಂದೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. ಅವರು ಬರುವ ಮುನ್ನವೇ ರೋಗಿ ತೀರಿಕೊಂಡಿರುತ್ತಾನೆ. ಪ್ರಯಾಣಿಕರು ನಿಲ್ದಾಣ ಮುಟ್ಟುವಷ್ಟರಲ್ಲಿ ರೈಲು ಹೊರಟುಹೋಗಿರುತ್ತದೆ. ಪೊಲೀಸರನ್ನು ಕಂಡ ಕೂಡಲೇ ಕಳ್ಳ ಓಡುತ್ತಾನೆ, ಗಂಟೆ ಹೊಡೆದ ಕೂಡಲೇ ಮಕ್ಕಳು ಓಡುತ್ತಾರೆ. ನಮ್ಮ ದೇಶದ ಶಾಲೆಗಳಲ್ಲಿ ಇಂಗ್ಲಿಷ್ ಕಲಿತವರಿಗೆ ಈ ಪಾತ್ರಗಳ ಪರಿಚಯ ಹೇಳಬೇಕಾಗಿಲ್ಲ. ಅವರ ಈ ಗತಿಗೆ ಕಾರಣ ವೆನ್, ವೈಲ್, ಬಿಫೋರ್, ಆಫ್ಟರ್, ಅಂಟಿಲ್, ಸಿನ್ಸ್ ಎಂಬ ಕೆಲವು ಪುಟ್ಟ ಪದಗಳು. ಸಬಾರ್ಡಿನೇಟಿಂಗ್ ಕಂಜಂಕ್ಷನ್ ಎಂಬ ಭಾರವಾದ ಹೆಸರು ಹೊತ್ತ ಇವುಗಳಲ್ಲಿ ಒಂದು ಬಂದು ಪೂರ್ಣ ವಾಕ್ಯದ ಮುಂದೆ ನಿಂತರೆ ಸಾಕು, ಆ ವಾಕ್ಯ ತನ್ನ ಸ್ವಾತಂತ್ರ್ಯವನ್ನು ಕಳೆದುಕೊಂಡು ಇನ್ನೊಂದು ವಾಕ್ಯದ ಆಶ್ರಯ ಬೇಡತೊಡಗುತ್ತದೆ. ‘ದ ಡಾಕ್ಟರ್ ಕೇಮ್’ ಎಂದರೆ ಮಾತು ಮುಗಿಯಿತು. ‘ಬಿಫೋರ್ ದ ಡಾಕ್ಟರ್ ಕೇಮ್’ ಎಂದರೆ ಕೇಳುವವರು ಮುಂದೇನೆಂದು ಕಾಯುತ್ತಾರೆ.

ರೋಗಿಯ ಸಾವನ್ನು ‘ಹ್ಯಾಡ್ ಡೈಡ್’ ಎಂದೇ ಬರೆಯಬೇಕು, ಬರಿಯ ‘ಡೈಡ್’ ಎಂದರೆ ಅಂಕವಿಲ್ಲ ಎಂಬ ಹಟ ನಮ್ಮ ತರಗತಿಗಳಲ್ಲಿ ಬಹುಕಾಲದಿಂದ ಇದೆ. ಎರಡು ಘಟನೆಗಳಲ್ಲಿ ಯಾವುದು ಮೊದಲು ನಡೆಯಿತು ಎಂಬುದನ್ನು ಆ ಹ್ಯಾಡ್ ತೋರಿಸುತ್ತದೆ ಎನ್ನುವುದು ಅದಕ್ಕೆ ಕೊಡುವ ಸಮರ್ಥನೆ. ಆದರೆ ಬಿಫೋರ್ ಎಂಬ ಪದವೇ ಆ ಕೆಲಸವನ್ನು ಮಾಡಿ ಮುಗಿಸಿರುವುದರಿಂದ ಹ್ಯಾಡ್ ಇಲ್ಲದೆಯೂ ವಾಕ್ಯ ಸರಿಯಾಗಿಯೇ ಇರುತ್ತದೆ, ಇಂಗ್ಲಿಷರು ಹಾಗೆ ಧಾರಾಳವಾಗಿ ಬರೆಯುತ್ತಾರೆ. ಅದು ನಿಜವಾಗಿ ಬೇಕಾಗುವುದು ವೆನ್ ಇರುವ ಕಡೆ. ‘ವೆನ್ ವಿ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಲೆಫ್ಟ್’ ಎಂದರೆ ರೈಲು ನಮ್ಮ ಮುಖ ನೋಡಿಯೇ ಹೊರಟಿತೆಂಬ ಅವಮಾನದ ಅರ್ಥ ಬರುತ್ತದೆ. ‘ಹ್ಯಾಡ್ ಲೆಫ್ಟ್’ ಎಂದರೆ ನಾವು ಹೋಗುವ ಹೊತ್ತಿಗೆ ಅಲ್ಲಿ ಹಳಿ ಮಾತ್ರ ಇತ್ತೆಂದು ತಿಳಿಯುತ್ತದೆ. ಬೇಕಾದಲ್ಲಿ ಒತ್ತಿ ಹೇಳದೆ, ಬೇಡವಾದಲ್ಲಿ ಅಂಕ ಕಳೆಯುವ ಈ ಪದ್ಧತಿಯನ್ನು ಮೆಚ್ಚುವುದು ನನಗೆ ಕಷ್ಟ.

ಇನ್ನು ಓಡುವ ಕಳ್ಳನ ವಿಷಯ. ಅವನನ್ನು ‘ಆ್ಯಸ್ ಸೂನ್ ಆ್ಯಸ್’ ಎಂದು ಓಡಿಸಿದರೆ ಪರೀಕ್ಷಕರಿಗೆ ಸಮಾಧಾನವಿಲ್ಲ. ‘ನೋ ಸೂನರ್’ ಎಂದು ಮತ್ತೊಮ್ಮೆ ಓಡಿಸಬೇಕು. ಆಗ ‘ಡಿಡ್’ ಎಂಬುದು ಕಳ್ಳನಿಗಿಂತ ಮುಂದೆ ಬರಬೇಕು, ‘ಸಾ’ ಎಂಬುದು ‘ಸೀ’ ಆಗಬೇಕು, ನಡುವೆ ‘ದ್ಯಾನ್’ ಬರಬೇಕು: ‘ನೋ ಸೂನರ್ ಡಿಡ್ ದ ಥೀಫ್ ಸೀ ದ ಪೊಲೀಸ್ ದ್ಯಾನ್ ಹಿ ರ್‍ಯಾನ್ ಅವೇ’. ಸೂನರ್ ಎಂಬುದು ಹೋಲಿಕೆಯ ರೂಪವಾದ್ದರಿಂದ ಅದಕ್ಕೆ ದ್ಯಾನ್ ಜೊತೆಗಾರ. ಅದೇ ಕೆಲಸಕ್ಕೆ ಬರುವ ‘ಹಾರ್ಡ್ಲಿ’ಗೆ ಅಂಥ ಹೋಲಿಕೆಯ ಗೊಡವೆ ಇಲ್ಲದ್ದರಿಂದ ಅದಕ್ಕೆ ವೆನ್. ಅಂಗಡಿಗೆ ಹೋಗಿ ಒಂದು ಪೆನ್ಸಿಲನ್ನು ಇಂಗ್ಲಿಷಿನಲ್ಲಿ ಕೇಳಲು ಹಿಂಜರಿಯುವ ಮಕ್ಕಳು ಈ ಕಸರತ್ತನ್ನು ತಪ್ಪಿಲ್ಲದೆ ಮಾಡಿ ಅಂಕ ಗಳಿಸುತ್ತಾರೆ, ಮತ್ತು ಅಂದಿನಿಂದ ಜೀವನಪರ್ಯಂತ ಅದನ್ನು ಬಾಯಿಂದ ಆಡುವುದಿಲ್ಲ.

ಎಲ್ಲಕ್ಕಿಂತ ಕುತೂಹಲಕರವಾದದ್ದು ಭವಿಷ್ಯತ್ತಿನ ನಿಯಮ. ವೆನ್, ಬಿಫೋರ್‌ಗಳಂಥ ಪದ ಹೊತ್ತು ಆಶ್ರಯ ಬೇಡುವ ಕಾಲವಾಚಕ ಉಪವಾಕ್ಯದಲ್ಲಿ ‘ವಿಲ್’ ಬರಕೂಡದು. ನಾಳೆ ಬರುವವನಾದರೂ ‘ವೆನ್ ಹಿ ಕಮ್ಸ್’ ಎಂದೇ ಹೇಳಬೇಕು. ‘ವೆನ್ ಹಿ ವಿಲ್ ಕಮ್’ ಎಂದ ಕನ್ನಡಿಗನನ್ನು ಮಾತೃಭಾಷೆಯ ಪ್ರಭಾವವೆಂದು ತಿದ್ದುವುದುಂಟು. ಇದು ಕನ್ನಡದ ಮೇಲೆ ಹೊರಿಸಿದ ಸುಳ್ಳು ಆರೋಪ. ನಾಳೆ ಬರುವವನ ಬಗ್ಗೆ ನಾವು ‘ಅವನು ಬಂದಾಗ ಹೇಳುತ್ತೇನೆ’, ‘ಬಂದ ಮೇಲೆ ಉಣ್ಣೋಣ’ ಎನ್ನುತ್ತೇವೆ. ಆ ‘ಬಂದ’ ಎಂಬುದು ಭವಿಷ್ಯತ್ತೂ ಅಲ್ಲ, ವರ್ತಮಾನವೂ ಅಲ್ಲ, ಅಪ್ಪಟ ಭೂತಕಾಲದ ಕೃದಂತ. ಮನುಷ್ಯ ಇನ್ನೂ ಊರು ಬಿಟ್ಟಿರುವುದಿಲ್ಲ, ವ್ಯಾಕರಣದಲ್ಲಿ ಆಗಲೇ ಬಂದಾಗಿರುತ್ತದೆ. ಇದಕ್ಕೆ ಎದುರಾಗಿ, ನಿನ್ನೆ ಸತ್ತ ರೋಗಿಯ ಕಥೆಯಲ್ಲಿ ವೈದ್ಯರು ‘ಬರುವ’ ಮುನ್ನ ಎನ್ನುತ್ತೇವೆಯೇ ಹೊರತು ‘ಬಂದ’ ಮುನ್ನ ಎನ್ನುವುದಿಲ್ಲ. ಅಂದರೆ ಕನ್ನಡವು ಪಂಚಾಂಗವನ್ನು ನೋಡುವುದೇ ಇಲ್ಲ. ಎರಡು ಕೆಲಸಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದಷ್ಟನ್ನೇ ನೋಡುತ್ತದೆ, ನಿನ್ನೆ ನಾಳೆಗಳ ಲೆಕ್ಕವನ್ನು ಕೊನೆಯ ಕ್ರಿಯಾಪದಕ್ಕೆ ಬಿಟ್ಟುಬಿಡುತ್ತದೆ. ಹೀಗಿರುವಾಗ ‘ವಿಲ್ ಕಮ್’ ಎನ್ನುವ ವಿದ್ಯಾರ್ಥಿಯನ್ನು ದಾರಿ ತಪ್ಪಿಸಿದ್ದು ಅವನ ಮನೆಮಾತಲ್ಲ, ಭವಿಷ್ಯತ್ತಿಗೆಲ್ಲ ವಿಲ್ ಹಾಕು ಎಂದು ಹಿಂದಿನ ಪಾಠದಲ್ಲಿ ಕಲಿತದ್ದನ್ನು ಶ್ರದ್ಧೆಯಿಂದ ಪಾಲಿಸಿದ್ದು ಎಂದು ನಾನು ನಂಬಿದ್ದೇನೆ. ಅವನಿಗೆ ಜೊತೆಗಾರರೂ ಇದ್ದಾರೆ. ಫ್ರೆಂಚರು ಇಂಥಲ್ಲಿ ಇಂದಿಗೂ ಭವಿಷ್ಯತ್ತನ್ನೇ ಬಳಸುತ್ತಾರೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಮನುಷ್ಯಕುಮಾರನು ಮಹಿಮೆಯಿಂದ ಬರುವ ಪ್ರಸಂಗದಲ್ಲಿ ವೆನ್ ಆದ ಮೇಲೆ ‘ಶಾಲ್ ಕಮ್’ ಎಂದೇ ಇದೆ.

ಉಪವಾಕ್ಯ ಎಲ್ಲಿ ಕೂರಬೇಕೆಂಬ ವಿಷಯದಲ್ಲಿ ಇಂಗ್ಲಿಷ್ ಉದಾರಿ. ಮುಂದೆ ಕೂತರೆ ಒಂದು ಅಲ್ಪವಿರಾಮ, ಹಿಂದೆ ಕೂತರೆ ಸಾಮಾನ್ಯವಾಗಿ ಅದೂ ಬೇಡ. ಆದರೂ ಅವರ ಗಾದೆಗಳಲ್ಲಿ ಆಜ್ಞೆ ಮೊದಲು, ಮುಹೂರ್ತ ಆಮೇಲೆ: ‘ಮೇಕ್ ಹೇ ವೈಲ್ ದ ಸನ್ ಶೈನ್ಸ್’, ‘ಲುಕ್ ಬಿಫೋರ್ ಯು ಲೀಪ್’. ಬೆಕ್ಕು ಮನೆಯಲ್ಲಿಲ್ಲದಾಗ ಇಲಿಗಳು ಕುಣಿಯುವ ಗಾದೆಯಂಥ ಅಪವಾದಗಳಿವೆ, ಅದರಲ್ಲಿ ಆಜ್ಞೆಯೂ ಇಲ್ಲವೆನ್ನಿ. ನಮ್ಮ ಗಾದೆಗಳು ಹೊತ್ತನ್ನು ಹೇಳಿಯೇ ಮಾತಿಗೆ ಬರುತ್ತವೆ. ಗಾಳಿ ಬಂದಾಗ ತೂರಿಕೊಳ್ಳುವುದು, ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು, ಇವುಗಳಲ್ಲಿ ಕಾಲವೇ ಮುಂದಾಳು. ಗಂಡ ಹೆಂಡಿರ ಜಗಳವೊಂದು ಮಾತ್ರ ಉಂಡು ಮಲಗುವ ತನಕವೆಂದು ಅವಧಿಯನ್ನು ಕೊನೆಗೆ ಹೇಳುತ್ತದೆ. ಜಗಳ ಅಷ್ಟು ಹೊತ್ತು ತಡೆಯಲಾರದೆಂದು ಕಾಣುತ್ತದೆ.

ಅಂಟಿಲ್ ಜೊತೆಗೆ ‘ನಾಟ್’ ಸೇರಿಸಿ ‘ಅಂಟಿಲ್ ಯು ಡೋಂಟ್ ಕಮ್’ ಎನ್ನುವ ಮಾತು ಬೆಂಗಳೂರಿನ ಕಚೇರಿಗಳಲ್ಲಿ ಕಿವಿಗೆ ಬೀಳುವುದುಂಟು. ಅದು ಹಿಂದಿಯ ‘ಜಬ್ ತಕ್’ ಜೊತೆಗೆ ಬರುವ ‘ನಹೀಂ’ಯ ಕೊಡುಗೆ, ‘ನೀನು ಬರುವ ತನಕ’ ಎನ್ನುವ ನಮಗೆ ಆ ಇಲ್ಲ ಬೇಕಾಗಿಲ್ಲ. ಇಷ್ಟರಲ್ಲೇ ಇನ್ನೊಂದು ಮಾತು: ಟಿಲ್ ಎಂಬುದು ಅಂಟಿಲ್‌ನ ಮೊಟಕು ರೂಪವೆಂದು ಬಹಳ ಜನ ಭಾವಿಸುತ್ತಾರೆ, ವಾಸ್ತವವಾಗಿ ಟಿಲ್ ಹಿರಿಯದು, ಅಂಟಿಲ್ ಆಮೇಲಿನದು.

ಈ ಪದಗಳಲ್ಲೆಲ್ಲ ಚತುರವಾದದ್ದು ಸಿನ್ಸ್. ಅದು ಹೊತ್ತನ್ನೂ ಹೇಳುತ್ತದೆ, ಕಾರಣವನ್ನೂ ಹೇಳುತ್ತದೆ. ಗೊಂದಲವಾಗುತ್ತದೆಂದು ಅದನ್ನು ಕಾಲಕ್ಕೆ ಮಾತ್ರ ಬಳಸಿರಿ ಎಂದು ಸಲಹೆ ಕೊಡುವವರಿದ್ದಾರೆ, ಆದರೆ ಇಂಗ್ಲಿಷರು ಶತಮಾನಗಳಿಂದ ಎರಡಕ್ಕೂ ಬಳಸುತ್ತ ಬಂದಿದ್ದಾರೆ, ಬಿಡುವ ಲಕ್ಷಣವಿಲ್ಲ. ನಾನೂ ಅವರ ಪಕ್ಷ. ಬಹುದಿನ ಉಳಿದುಬಿಟ್ಟ ನೆಂಟರಿಗೆ ಕನ್ನಡದಲ್ಲಿ ‘ನೀವು ಬಂದಾಗಿನಿಂದ ನಿದ್ದೆಯಿಲ್ಲ’ ಎನ್ನಬೇಕೋ ‘ನೀವು ಬಂದುದರಿಂದ ನಿದ್ದೆಯಿಲ್ಲ’ ಎನ್ನಬೇಕೋ ಎಂದು ಮನೆಯ ಯಜಮಾನ ತೀರ್ಮಾನಿಸಲೇಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಅವನು ಸಿನ್ಸ್ ಎಂದು ಹೇಳಿ ಸುಮ್ಮನಾಗಬಹುದು; ಅದು ತಾರೀಖೋ ದೂರೋ ಎಂಬುದನ್ನು ನೆಂಟರೇ ನಿರ್ಧರಿಸಿಕೊಳ್ಳಲಿ.