ಎಲೆನ್ ವಾಟ್ಸನ್ ದನಗಳ್ಳಿ ಅಲ್ಲ

ಹೋದ ವಾರ ಕೊನೆಗೂ ‘ಹೆವೆನ್ಸ್ ಗೇಟ್’ ಪೂರ್ತಿ ನೋಡಿದೆ. 1980ರ ಸಿನಿಮಾ, ಮೈಕಲ್ ಚಿಮಿನೊ ನಿರ್ದೇಶನ, ಮೂರೂವರೆ ಗಂಟೆಗೂ ಜಾಸ್ತಿ. ಧೂಳು, ಬಿಸಿಲು, ಬೆಟ್ಟಗಳು ಕಣ್ಣಿಗೆ ಕಟ್ಟಿದ ಹಾಗಿವೆ. ಅಮೆರಿಕದ ವಯೋಮಿಂಗ್ ರಾಜ್ಯದ ದನದ ಸಾಹುಕಾರರು ಬಾಡಿಗೆ ಬಂದೂಕಿನವರನ್ನು ಕರೆಸಿ ಬಡ ರೈತರನ್ನು ಕೊಲ್ಲಿಸುವ ಕಥೆ. ಸಿನಿಮಾ ಬಡವರ ಪರವಾಗಿಯೇ ಇದೆ. ಆದರೂ ನನಗೆ ಸಂಕಟವಾಯಿತು. ಕಾರಣ ಎಲೆನ್ ವಾಟ್ಸನ್.

ಸಿನಿಮಾದಲ್ಲಿ ಅವಳು ಸೂಳೆಮನೆ ನಡೆಸುತ್ತಾಳೆ. ಗಿರಾಕಿಗಳು ಕದ್ದ ದನ ಕೊಟ್ಟರೆ ಅದನ್ನೂ ಇಟ್ಟುಕೊಳ್ಳುತ್ತಾಳೆ. ಇದು ಕಟ್ಟಿದ ಪಾತ್ರವಾಗಿದ್ದರೆ ನಾನು ಸುಮ್ನೆ ಇರುತ್ತಿದ್ದೆ. ಆದರೆ ಆ ಹೆಸರಿನ ಹೆಂಗಸು ನಿಜಕ್ಕೂ ಇದ್ದಳು.

ಅಲ್ಲಿನ ಬಯಲೆಲ್ಲ ಸರ್ಕಾರದ ಜಮೀನು. ದೊಡ್ಡ ದನದ ಮಾಲೀಕರು ಅದನ್ನು ಗೋಮಾಳದ ಹಾಗೆ ಮೇಯಿಸುತ್ತಾ ಬಂದು, ಬರಬರುತ್ತಾ ತಮ್ಮದೇ ಅಂದುಕೊಂಡಿದ್ದರು. ಆದರೆ 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ 160 ಎಕರೆಗೆ ಅರ್ಜಿ ಹಾಕಿ, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದವರಿಗೆ ಆ ನೆಲ ಸಿಗುತ್ತಿತ್ತು. ಒಂಟಿ ಹೆಂಗಸರಿಗೂ ಆ ಹಕ್ಕಿತ್ತು. ಎಲೆನ್ ಮಾಡಿದ್ದು ಅಷ್ಟೇ. ಕೆನಡಾದಲ್ಲಿ ಹುಟ್ಟಿದವಳು, ಅಡುಗೆ ಕೆಲಸ ಮಾಡಿಕೊಂಡಿದ್ದವಳು, ಸ್ವೀಟ್‌ವಾಟರ್ ನದಿಯ ಕಣಿವೆಯಲ್ಲಿ ಜಮೀನಿಗೆ ಅರ್ಜಿ ಹಾಕಿದಳು. ಸ್ವಲ್ಪ ದನ ಕೊಂಡಳು. 1889ರಲ್ಲಿ ಯಾರ ದನ ಅಂತ ಗುರುತಿಗೆ ಹಾಕುವ ಮುದ್ರೆಯನ್ನೂ ಕಾನೂನು ಪ್ರಕಾರ ಕೊಂಡಳು. ಅವಳ ಜಮೀನಿದ್ದದ್ದು ಒಬ್ಬ ದೊಡ್ಡ ಮಾಲೀಕ ತನ್ನದೆಂದು ಬಳಸುತ್ತಿದ್ದ ಹುಲ್ಲು, ನೀರಿನ ಜಾಗದಲ್ಲಿ. ಇಡೀ ಜಗಳದ ಬೇರು ಅದೇ. ಅದರ ಮೇಲೆ 1886–87ರ ಚಳಿಗಾಲದಲ್ಲಿ ದನಗಳು ರಾಶಿ ರಾಶಿ ಸತ್ತು, ದೊಡ್ಡವರು ಕೈಸುಟ್ಟುಕೊಂಡಿದ್ದರು.

1889ರ ಜುಲೈ 20ರಂದು ಆರು ಜನ ಮಾಲೀಕರು ಬಂದು ಅವಳನ್ನು ಗಾಡಿಗೆ ಹತ್ತಿಸಿದರು. ಹತ್ತಿರದಲ್ಲೇ ಅಂಗಡಿ ಇಟ್ಟು ಪೋಸ್ಟ್‌ಮಾಸ್ಟರ್ ಆಗಿದ್ದ ಜಿಮ್ ಆವರೆಲ್‌ನನ್ನೂ ಎಳೆದೊಯ್ದರು. ಇಬ್ಬರನ್ನೂ ಮರಕ್ಕೆ ನೇಣು ಹಾಕಿದರು. ವಿಚಾರಣೆ ಇಲ್ಲ, ಏನೂ ಇಲ್ಲ. ಅವತ್ತು ಅವಳ ಹತ್ತಿರ ಮಣಿ ಪೋಣಿಸಿದ ಹೊಸ ಮೊಕ್ಕಾಸಿನ್ (ಮೆತ್ತನೆ ಚರ್ಮದ ಚಪ್ಪಲಿ) ಇತ್ತಂತೆ, ಅಲ್ಲಿನ ಮೂಲನಿವಾಸಿಗಳಿಂದ ಆಗ ತಾನೇ ಕೊಂಡದ್ದು. ಇದನ್ನು ಓದಿದ ಮೇಲೆ ನನಗೆ ಅದೇ ಕಣ್ಣ ಮುಂದೆ ಬರುತ್ತದೆ. ಚಪ್ಪಲಿ ಕೊಳ್ಳೋಕೆ ಹೋದವಳು ಮನೆಗೆ ತಿರುಗಿ ಬರಲಿಲ್ಲ.

ಆಮೇಲೆ ದನದ ಸಾಹುಕಾರರ ಬೆನ್ನಿಗಿದ್ದ ಶೈಯೆನ್ ಊರಿನ ಪತ್ರಿಕೆಗಳು ಅವಳಿಗೆ ‘ಕ್ಯಾಟಲ್ ಕೇಟ್’ ಅಂತ ಹೆಸರಿಟ್ಟವು. ಸೂಳೆ, ಕಳ್ಳಿ ಅಂತ ಬರೆದವು. ಸಾಕ್ಷಿ ಹೇಳಬೇಕಾದವರು ಕಾಣೆಯಾದರು. ಯಾರಿಗೂ ಶಿಕ್ಷೆ ಆಗಲಿಲ್ಲ. ಕೊಂದವರು ಕಟ್ಟಿದ ಆ ಸುಳ್ಳನ್ನೇ, ಅವಳ ಪರ ಇದ್ದೇವೆ ಅನ್ನುವ ಸಿನಿಮಾ 90 ವರ್ಷ ಆದಮೇಲೂ ಹೊತ್ತು ತಂದಿದೆ. ಇದು ನ್ಯಾಯವಾ?

ನೇಟ್ ಚಾಂಪಿಯನ್‌ಗೆ ಆಗಿರುವುದು ಇನ್ನೂ ಕೆಟ್ಟದ್ದು. ಸಿನಿಮಾದಲ್ಲಿ ಅವನು ಸಾಹುಕಾರರ ಸಂಬಳದ ಕೊಲೆಗಾರ. ಆಮೇಲೆ ಎಲೆನ್ ಮೇಲಿನ ಪ್ರೀತಿಯಿಂದ ಬದಲಾಗುತ್ತಾನೆ. ನಿಜದಲ್ಲಿ ಅವನು ಮೊದಲಿಂದಲೂ ಸಣ್ಣ ಹಿಡುವಳಿದಾರರ ಕಡೆಯವನು, ಅವರ ಮುಂದಾಳು. ಎಲೆನ್ ಸತ್ತು ಮೂರು ವರ್ಷ ಆಗುತ್ತಾ ಬಂದಿತ್ತು, 1892ರ ಏಪ್ರಿಲ್ 9ರಂದು ಅವನಿದ್ದ ಮನೆಯನ್ನು ಸಾಹುಕಾರರು, ಅವರ ಬಾಡಿಗೆ ಬಂದೂಕಿನವರು ಸೇರಿ ಸುಮಾರು 50 ಜನ ಸುತ್ತುವರಿದರು. ಜೊತೆಗಿದ್ದ ನಿಕ್ ರೇ ಗುಂಡು ತಿಂದು ಕಣ್ಣೆದುರೇ ಸತ್ತ. ಚಾಂಪಿಯನ್ ಒಬ್ಬನೇ ಸಂಜೆವರೆಗೂ ತಡೆದ. ಗುಂಡು ಹಾರಿಸುವುದರ ನಡುವೆ ಸಣ್ಣ ಪುಸ್ತಕದಲ್ಲಿ ಬರೆಯುತ್ತಿದ್ದ. ತುಂಬಾ ಒಂಟಿ ಅನ್ನಿಸ್ತಿದೆ, ಇನ್ನೊಬ್ಬರಿದ್ದಿದ್ದರೆ ಎಲ್ಲ ಕಡೆನೂ ಕಣ್ಣಿಡಬಹುದಿತ್ತು ಅಂತ. ಕೊನೆಗೆ ಮನೆಗೆ ಬೆಂಕಿ ಇಟ್ಟರು. ಓಡಿ ಹೊರಬಂದವನನ್ನು ಹೊಡೆದುರುಳಿಸಿ, ದನಗಳ್ಳರಿಗೆ ಎಚ್ಚರಿಕೆ ಅಂತ ಚೀಟಿ ಬರೆದು ಹೆಣಕ್ಕೆ ಚುಚ್ಚಿದರು. ಇಂಥವನನ್ನು ಕೊಲೆಗಾರ ಮಾಡಬೇಕಿತ್ತಾ?

ಸುದ್ದಿ ತಿಳಿದ ಊರಿನವರು ಒಟ್ಟಾಗಿ ಆ ಕೊಲೆಗಡುಕರನ್ನೇ ಮುತ್ತಿದರು. ಆಗ ಅಧ್ಯಕ್ಷ ಹ್ಯಾರಿಸನ್ ಕಳಿಸಿದ ಕುದುರೆ ಪಡೆ ಬಂದು ಉಳಿಸಿದ್ದು ಯಾರನ್ನು ಗೊತ್ತಾ? ಕೊಲೆಗಡುಕರನ್ನು.

ಬದುಕಿ ಉಳಿದವರ ಮಾತೇ ಕಥೆಯಾಗುತ್ತದೆ ಅನ್ನೋದಕ್ಕೆ ಸಿನಿಮಾಗಳಲ್ಲಿ ಹೀರೋ ಆಗಿ ಮೆರೆಯುವ ಬಂದೂಕಿನ ಪೊಲೀಸ್ ವಯಾಟ್ ಅರ್ಪ್‌ನನ್ನೂ ನೋಡಬಹುದು. 1881ರಲ್ಲಿ ಅರಿಜೋನಾದ ಟೂಂಬ್‌ಸ್ಟೋನ್ ಊರಲ್ಲಿ ನಡೆದ ಅರ್ಧ ನಿಮಿಷದ ಗುಂಡಿನ ಕಾಳಗದಲ್ಲಿ ಬದುಕುಳಿದು, 1929ರವರೆಗೆ ಇದ್ದ. ಕೊನೆಗಾಲ ಕಳೆದದ್ದು ಲಾಸ್ ಏಂಜಲೀಸ್‌ನಲ್ಲಿ, ಸಿನಿಮಾದವರ ಒಡನಾಟದಲ್ಲಿ. ಅವನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಟಾಮ್ ಮಿಕ್ಸ್ ಥರದ ಕೌಬಾಯ್ ನಟರೂ ಇದ್ದರು. ಎದುರು ಪಾಳಯದಲ್ಲಿ ಸತ್ತ ಮೂವರ ಮಾತು ಕೇಳುವವರು ಅಲ್ಲಿ ಯಾರಿದ್ದರು?

ಸಿನಿಮಾ ಅಂದಮೇಲೆ ಸ್ವಲ್ಪ ಕಲ್ಪನೆ ಇರುತ್ತೆ ಅಂತ ನೀವು ಹೇಳಬಹುದು. ಇರಲಿ, ನನ್ನ ತಕರಾರಿಲ್ಲ. ಆದರೆ ಹೆಸರು ಬದಲಿಸಬಹುದಿತ್ತು ಅಲ್ವಾ? 1953ರ ‘ಶೇನ್’ ಕೂಡ ವಯೋಮಿಂಗ್‌ನದ್ದೇ, ದೊಡ್ಡ ಮಾಲೀಕ ಮತ್ತು ಸಣ್ಣ ರೈತರ ಜಗಳವೇ. ಪಾತ್ರಗಳಿಗೆಲ್ಲ ಕಟ್ಟಿದ ಹೆಸರುಗಳು. ಹಾಗಿದ್ದೂ ಜಮೀನು ಬಿಟ್ಟು ಹೋಗು ಅನ್ನಿಸಿಕೊಂಡವರ ಭಯ ಅದರಲ್ಲಿ ಎಷ್ಟು ನಿಜವಾಗಿ ಬಂದಿದೆ! ನಿಜವಾದ ಹೆಸರು ಬೇಕೇ ಬೇಕು ಅಂದರೆ, ಅವರು ಬದುಕಿದ ರೀತಿಗೂ ಮರ್ಯಾದೆ ಕೊಡಬೇಕು.

‘ಹೆವೆನ್ಸ್ ಗೇಟ್’ ನೋಡಬೇಡಿ ಅಂತ ಹೇಳುತ್ತಿಲ್ಲ. ನೋಡಿ. ನೋಡಿದ ಮೇಲೆ ಚಾಂಪಿಯನ್ ಅವತ್ತು ಬರೆದದ್ದನ್ನು ಹುಡುಕಿ ಓದಿ. ತುಂಬಾ ಚಿಕ್ಕದು, ಐದು ನಿಮಿಷ ಸಾಕು.